ಹೆರಿಗೆ ಕೋಣೆಯ ಹೆದರಿಕೆ

ಸೇವೆ ಮಾಡಬೇಕೆಂಬ ಹಂಬಲದಿಂದ ಈ ಕೆಲಸಕ್ಕೆ ಬಂದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಶಾಲೆಯ ಟೀಚರ್ ಆಗುವ ಆಸೆಯಿತ್ತು. ಆ ತರಬೇತಿಗೆ ಸೀಟು ಸಿಗಲಿಲ್ಲ, ನರ್ಸಿಂಗಿಗೆ ಸಿಕ್ಕಿತು, ಹೋದೆ. ಅಪ್ಪ ಧಾರವಾಡದಿಂದ ಪುಣೆಗೆ ಬಂದು ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ಊರಿನ ಕ್ಯಾಂಪ್ ಬಡಾವಣೆಯಲ್ಲಿ ಒಂದು ಬೇಕರಿಯ ಹಿಂದೆ, ಮಹಡಿಯ ಮೇಲೆ, ನಮ್ಮದು ಎರಡು ಕೋಣೆಗಳ ಮನೆ. ಬಾಣಂತಿಯರ ಆರೈಕೆ ಎಂದರೆ ಅವ್ವನಿಗೆ ಸಂಭ್ರಮ. "ಹೆರಿಗಿ ಮಾಡಿಸೋದು ಪುಣ್ಯೇದ ಕೆಲಸ ಅದ, ಸುಮ್ನ ಹೋಗು" ಎಂದಳು. ಮನೆಯಲ್ಲಿ ಯಾರಾದರೂ ಈಳಿಗೆಯಿಂದ ಬೆರಳು ಕೊಯ್ದುಕೊಂಡರೆ ನಾನು ಗ್ಯಾಲರಿಗೆ ಓಡಿಹೋಗಿ ಕಂಬ ಹಿಡಿದು ನಿಲ್ಲುತ್ತಿದ್ದೆ ಎನ್ನುವುದು ಅವಳಿಗೆ ಆಗ ನೆನಪಾಗಲಿಲ್ಲ.

ಹೆರಿಗೆಯ ಹಂತಗಳು, ಔಷಧಗಳು, ಅಳತೆಗಳು ಎಲ್ಲವೂ ಇಲ್ಲಿ ಪುಣೆಯಲ್ಲಿ ನರ್ಸಿಂಗ್ ಕಲಿಯುತ್ತಿರುವ ನಿಮ್ಮ ಪಠ್ಯಪುಸ್ತಕದಲ್ಲಿವೆ. ನಾನು ಬರೆಯುತ್ತಿರುವುದು ಹೆದರಿಕೆಯ ಬಗ್ಗೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತವಳಿಗೆ ಅದನ್ನು ಹೇಳಲು ಸಂಕೋಚವಿಲ್ಲ. ನಾನು ಕೆಲಸ ಮಾಡಿದಷ್ಟು ವರ್ಷವೂ ಹೆದರುತ್ತಲೇ ಮಾಡಿದೆ. ಹೊಸದಾಗಿ ಸೇರುವ ಪ್ರತಿ ಹುಡುಗಿಯೂ ಈ ಹೆದರಿಕೆ ತನ್ನೊಬ್ಬಳದೇ ಎಂದುಕೊಂಡು ಬಚ್ಚಿಡುತ್ತಾಳೆ. ಹಾಗೆ ಬಚ್ಚಿಟ್ಟುಕೊಂಡವರು ಏನಾಗುತ್ತಾರೆ ಎನ್ನುವುದನ್ನು ನಾನು ನೋಡಿದ್ದೇನೆ.

ತರಗತಿಯಲ್ಲಿ ನಮಗೆ ಬಟ್ಟೆಯ ಗೊಂಬೆಯೂ ಪ್ಲಾಸ್ಟಿಕ್ಕಿನ ಸೊಂಟದೆಲುಬೂ ಕೊಟ್ಟಿದ್ದರು. ಗೊಂಬೆಯ ತಲೆಯನ್ನು ತಿರುಗಿಸಿ, ಬಗ್ಗಿಸಿ, ಆ ಎಲುಬಿನ ನಡುವಿನಿಂದ ಹೊರಗೆ ತರಬೇಕು. ನನಗೆ ಅದು ಚೆನ್ನಾಗಿ ಬರುತ್ತಿತ್ತು. ಗೊಂಬೆ ಒಂದು ದಿನವೂ ನಡುವೆ ಸಿಕ್ಕಿಬೀಳಲಿಲ್ಲ.

ಮೊದಲ ಸಲ ಹೆರಿಗೆ ಕೋಣೆಯೊಳಗೆ ಹೋದಾಗ ಅಲ್ಲಿ ನಾಲ್ಕು ಟೇಬಲ್ಲುಗಳಿದ್ದವು, ನಾಲ್ಕರ ಮೇಲೂ ಹೆಂಗಸರಿದ್ದರು. ಫಿನಾಯಿಲ್ ವಾಸನೆ, ರಕ್ತದ ವಾಸನೆ, ಒಬ್ಬಳ ಕೂಗಿನ ಮೇಲೆ ಇನ್ನೊಬ್ಬಳ ಕೂಗು. ನಾನು ಬಾಗಿಲಿಗೆ ಬೆನ್ನು ಹಚ್ಚಿ ನಿಂತುಬಿಟ್ಟೆ. ಅಲ್ಲಿಯ ಹಿರಿಯರು ಕುಂದಾ ಸಿಸ್ಟರ್. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ, ಎಂದೂ ಏರದ ದನಿ. ಅವರಿಗೆ ಮರಾಠಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಅವರ ಟೇಬಲ್ಲಿನ ಮೇಲಿದ್ದವಳು ಶರಣಮ್ಮ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ.

ಮರಾಠಿಯಲ್ಲಿ ಕೂಸಿಗೆ ಬಾಳ ಎನ್ನುತ್ತಾರೆ. ಕುಂದಾ ಸಿಸ್ಟರ್ ಅವಳಿಗೆ ಧೈರ್ಯ ಹೇಳಲು "ಬಾಳ ಯೇತಂಯ್, ಬಾಳ!" ಎಂದರು. ಕೂಸು ಬರುತ್ತಿದೆ ಎಂದು. ಶರಣಮ್ಮ ತಲೆಯೆತ್ತಿ "ಹೌದ್ರೀ ಯವ್ವಾ, ಬಾಳ! ಬಾಳ ಬ್ಯಾನಿ ಅದರೀ!" ಎಂದಳು, ಬಹಳ ನೋವು ಎಂದು. ಇಬ್ಬರೂ ಒಬ್ಬರಿಗೊಬ್ಬರು ಒಪ್ಪಿಕೊಂಡಂತೆ ತಲೆಯಾಡಿಸಿದರು. ಬೇರೆ ಹೊತ್ತಿನಲ್ಲಿ ನಾನು ನಗುತ್ತಿದ್ದೆನೇನೋ. ಅಷ್ಟರಲ್ಲಿ ಕೂಸಿನ ತಲೆ ಹೊರಬಂದಿತ್ತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸುವ ತನಕ ತಾಯಿ ತಿಣುಕಬಾರದು. ಸಿಸ್ಟರ್ "ಥಾಂಬ, ಜೋರ್ ಲಾವೂ ನಕೋ" ಎಂದರು. ತಡಿ, ಜೋರು ಹಾಕಬೇಡ. ಶರಣಮ್ಮನಿಗೆ ಅದರಲ್ಲಿ ತಿಳಿದದ್ದು ಜೋರ್ ಎನ್ನುವ ಮಾತೊಂದೇ. ಅವಳು ಹಲ್ಲು ಕಚ್ಚಿ ಇನ್ನಷ್ಟು ಜೋರು ಹಾಕಿದಳು. ಬಳ್ಳಿ ಇನ್ನಷ್ಟು ಬಿಗಿಯಿತು. ಕೂಸಿನ ಮುಖ ಕಪ್ಪಾಗತೊಡಗಿತು.

ಸಿಸ್ಟರ್ ತಲೆಯೆತ್ತದೆ ನನಗೆ ಹೇಳಿದರು, "ತೂ ಕಾನಡೀ ನಾ? ಸಾಂಗ್ ತಿಲಾ!" ನೀನು ಕನ್ನಡದವಳಲ್ಲವೇ, ಹೇಳು ಅವಳಿಗೆ.

ನನಗೆ ಹುಟ್ಟಿದಾಗಿನಿಂದ ಆಡಿದ ಭಾಷೆಯ ಒಂದು ಶಬ್ದವೂ ನೆನಪಾಗಲಿಲ್ಲ. ಬಾಗಿಲು ಬಿಟ್ಟು ಹೇಗೆ ಮುಂದೆ ಹೋದೆನೋ ತಿಳಿಯದು, ಶರಣಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. "ಅಕ್ಕಾ, ತಿಣಕಬ್ಯಾಡ್ರಿ! ಬಾಯಿ ತಗೀರಿ, ಉಸರು ಬಿಡ್ರಿ. ನನ್ನ ಕಡೆ ನೋಡ್ರಿ, ನನ್ನ ಕಡೆ."

ಅವಳು ನೋಡಿದಳು. ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಟ್ಟಳು. ಸಿಸ್ಟರ್ ಬಳ್ಳಿಯ ಕೆಳಗೆ ಬೆರಳು ತೂರಿಸಿ ಅದನ್ನು ಕೂಸಿನ ತಲೆಯ ಮೇಲಿಂದ ತೆಗೆದರು. ಮೈ ಜಾರಿ ಬಂತು. ಕೂಸು ಅಳಲಿಲ್ಲ. ಒರೆಸಿದರು, ಬೆನ್ನು ತಿಕ್ಕಿದರು, ಅಂಗಾಲು ತಟ್ಟಿದರು. ಅದು ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಪಕ್ಕದ ಟೇಬಲ್ಲಿನವಳು ಕೂಡ ಕೂಗುವುದನ್ನು ನಿಲ್ಲಿಸಿದಳು. ಶರಣಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಏನು ಕಾಣುತ್ತದೋ ಅದೇ ಅವಳಿಗೆ ಸುದ್ದಿ. ನಾನು ಮುಖವನ್ನು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಆಮೇಲೆ ಒಂದು ಕೆಮ್ಮು, ಬೆಕ್ಕಿನ ಮರಿಯದಂಥ ಒಂದು ದನಿ, ಮತ್ತೆ ಅಳು.

ನಾನು ನೆಲದ ಮೇಲೆ ಕೂತುಬಿಟ್ಟೆ. ಶರಣಮ್ಮ ಮೇಲಿನಿಂದ ಕೈ ಇಳಿಬಿಟ್ಟು ನನ್ನ ತಲೆ ಮುಟ್ಟಿ ಕೇಳಿದಳು, "ಯಾ ಊರಾಕಿ ಯವ್ವಾ ನೀ?" ಕುಂದಾ ಸಿಸ್ಟರ್ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ನಾಳೆಯಿಂದ ಬಾಗಿಲ ಹತ್ತಿರ ನಿಲ್ಲಬೇಡ, ಟೇಬಲ್ಲಿನ ಹತ್ತಿರ ನಿಲ್ಲು ಎಂದಷ್ಟೇ ಹೇಳಿದರು.

ಅಲ್ಲಿಂದ ನಾನು ಗಟ್ಟಿಯಾದೆ ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಮರುವರ್ಷ ನಾನು ತರಬೇತಿ ಬಿಟ್ಟು ಮನೆಗೆ ಓಡಿಹೋದೆ. ಅದಕ್ಕೆ ಕಾರಣವಾದವಳು ಒಬ್ಬ ಶಾಲಾ ಶಿಕ್ಷಕಿ. ಅವಳ ಹೆಸರು ಬರೆಯಲು ಈಗಲೂ ಮನಸ್ಸಿಲ್ಲ. ಚೊಚ್ಚಲ ಬಸುರಿ, ತಾನೇ ನಡೆದುಕೊಂಡು ಬಂದಳು. ಕೈಕಾಲು, ಮುಖ ಊದಿಕೊಂಡಿದ್ದವು. ತಲೆನೋವು, ಕಣ್ಣ ಮುಂದೆ ಕಿಡಿ ಹಾರಿದ ಹಾಗೆ ಆಗುತ್ತದೆ ಎಂದಳು. ಡಾಕ್ಟರು ಬಂದು ನೋಡಿ, ರಕ್ತದೊತ್ತಡ ಬಹಳ ಏರಿದೆಯೆಂದು ತಕ್ಷಣ ಚಿಕಿತ್ಸೆ ಶುರುಮಾಡಿದರು. ನನ್ನನ್ನು ಅವಳ ಹತ್ತಿರ ಕೂರಿಸಿದರು. ಅವಳು ನನ್ನ ಮರಾಠಿ ಕೇಳಿ ನಕ್ಕಳು, ಎರಡು ತಪ್ಪು ತಿದ್ದಿದಳು. ನೀರು ಕೇಳಿದಳು. ತುಟಿ ಒದ್ದೆ ಮಾಡಲು ಹತ್ತಿ ತೆಗೆದುಕೊಳ್ಳಲೆಂದು ನಾನು ಆ ಕಡೆ ತಿರುಗಿದೆ. ಹಿಂದೆ ಮಂಚ ಅದುರುವ ಸದ್ದಾಯಿತು. ತಿರುಗಿ ನೋಡಿದರೆ ಅವಳ ಕಣ್ಣು ಮೇಲೆ ಹೋಗಿತ್ತು, ಹಲ್ಲು ಕಚ್ಚಿಕೊಂಡಿತ್ತು, ಮೈಯೆಲ್ಲ ಬಿಲ್ಲಿನ ಹಾಗೆ ಬಾಗಿ ಬಾಗಿ ಬೀಳುತ್ತಿತ್ತು. ಎಲ್ಲರೂ ಓಡಿ ಬಂದರು. ಮಾಡಬೇಕಾದದ್ದನ್ನೆಲ್ಲ ಮಾಡಿದರು. ಆಪರೇಷನ್ ಮಾಡಿ ಕೂಸನ್ನು ಉಳಿಸಿದರು. ಅವಳು ಉಳಿಯಲಿಲ್ಲ. ಕೂಸನ್ನು ಹೊರಗೆ ತಂದಾಗ ಅವಳ ಗಂಡ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ. ಅದನ್ನು ತೆಗೆದುಕೊಂಡರೆ ಇನ್ನೊಂದು ಸುದ್ದಿಯನ್ನೂ ತೆಗೆದುಕೊಳ್ಳಬೇಕಾಗುತ್ತದೆ ಎನ್ನುವ ಹಾಗೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ, "ನಾ ಇನ್ನ ಹೋಗೂದಿಲ್ಲ. ನೀ ಹೊಡದ್ರೂ ಹೋಗೂದಿಲ್ಲ." ಅವ್ವ ಹೊಡೆಯಲಿಲ್ಲ. ಯಾರಾದರೂ ನನ್ನ ಬೆನ್ನ ಹಿಂದೆ ಸದ್ದು ಮಾಡಿದರೆ ನಾನು ಬೆಚ್ಚಿ ತಿರುಗುವುದನ್ನು ನೋಡಿ ಅವಳಿಗೇ ಭಯವಾಗಿತ್ತು.

ಒಂದು ಭಾನುವಾರ ಕುಂದಾ ಸಿಸ್ಟರ್ ತರಕಾರಿಯ ಚೀಲ ಹಿಡಿದುಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಅವ್ವ ಅವಲಕ್ಕಿ ಮಾಡಿ ಚಹಾ ಕೊಟ್ಟಳು. ಸಿಸ್ಟರ್ ಮೆಂತ್ಯ ಸೊಪ್ಪಿನ ದರದ ಬಗ್ಗೆ ಮಾತಾಡಿದರು, ನನ್ನ ಕಡೆ ನೋಡಲೇ ಇಲ್ಲ. ಕೊನೆಗೆ ಅವ್ವನೇ ತನ್ನ ಹರಕು ಮರಾಠಿಯಲ್ಲಿ, ಹುಡುಗಿ ಭಾಳ ಹೆದರಿದ್ದಾಳೆ, ಈ ಕೆಲಸ ಅವಳಿಂದ ಆಗದು ಎಂದಳು. ಸಿಸ್ಟರ್ ಚಹಾದ ಬಟ್ಟಲು ಕೆಳಗಿಟ್ಟರು. ನನಗೂ ಈಗಲೂ ಡ್ಯೂಟಿಗೆ ಹೋಗುವ ಮುಂಚೆ ಹೆದರಿಕೆಯಾಗುತ್ತದೆ ಎಂದರು. ಹೆದರಿಕೆಯಿಲ್ಲ ಅನ್ನುವ ಹುಡುಗಿಯರನ್ನು ನಾನು ಹಾಸಿಗೆಬಟ್ಟೆ ಮಡಚುವ ಕೆಲಸಕ್ಕೆ ಹಾಕುತ್ತೇನೆ, ಅಲ್ಲಿ ಈಗ ಜಾಗ ಖಾಲಿಯಿಲ್ಲ ಎಂದರು. ಅವ್ವ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ಅವರನ್ನು ಕೆಳಗಿನ ತನಕ ಕಳಿಸಲು ಹೋದಾಗ ಬೇಕರಿಯ ಮುಂದೆ ನಿಂತು ಹೇಳಿದರು: ಹೆದರಿಕೆಯಾದಾಗ ಬಾಯಿ ಮುಚ್ಚಿಕೊಂಡು ಇರಬೇಡ. ಕಣ್ಣಿಗೆ ಏನು ಕಾಣುತ್ತದೋ ಅದನ್ನು ಗಟ್ಟಿಯಾಗಿ ಹೇಳು. ರಕ್ತ ಜಾಸ್ತಿ ಎನ್ನು. ಕೂಸಿನ ಎದೆಬಡಿತ ಕಡಿಮೆ ಎನ್ನು. ನಿನ್ನ ಹೆದರಿಕೆ ಇನ್ನೊಬ್ಬರ ಕಿವಿಗೆ ಬಿದ್ದರೆ ಅದು ಕೆಲಸವಾಗುತ್ತದೆ. ನಾನು ಮರುದಿನ ಹೋದೆ. ಧೈರ್ಯ ಬಂತೆಂದಲ್ಲ. ಮನೆಯಲ್ಲಿ ಕೂತರೆ ಆ ಮಂಚದ ಸದ್ದು ಇನ್ನೂ ಹೆಚ್ಚು ಕೇಳುತ್ತಿತ್ತು.

ಆ ಕಾಲದ ಹೆರಿಗೆ ಕೋಣೆಯನ್ನು ನೀವು ಕಂಡಿಲ್ಲ. ಬಂದ ಹೆಂಗಸಿಗೆ ಮೊದಲು ಕೂದಲು ತೆಗೆಯಲು ಬ್ಲೇಡು, ಆಮೇಲೆ ಎನಿಮಾ. ಅಂಗಾತ ಮಲಗಿಸಿ ಕಾಲು ಮೇಲೆ ಕಟ್ಟುತ್ತಿದ್ದೆವು. ತಾಯಿಯನ್ನಾಗಲಿ ಅತ್ತೆಯನ್ನಾಗಲಿ ಒಳಗೆ ಬಿಡುತ್ತಿರಲಿಲ್ಲ. ಕೂಗಿದರೆ ಬೈಗುಳ, ಕೆಲವರಿಗೆ ತೊಡೆಯ ಮೇಲೆ ಏಟು. ಹೀಗೆ ಹೊಡೆಯುತ್ತಿದ್ದ ಸಿಸ್ಟರುಗಳು ಕೆಟ್ಟವರೆಂದು ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ಹಾಗೆ ಹೊಡೆದವರೊಬ್ಬರು ಹಿಂದಿನ ಕೋಣೆಗೆ ಹೋಗಿ ನೀರು ಕುಡಿಯುವಾಗ ಲೋಟ ಹಲ್ಲಿಗೆ ಕಟಕಟ ಬಡಿಯುವುದನ್ನು ಕೇಳಿದೆ. ಹೆದರಿಕೆಯನ್ನು ಬಚ್ಚಿಟ್ಟುಕೊಂಡವರು ಏನಾಗುತ್ತಾರೆಂದು ಮೊದಲೇ ಹೇಳಿದೆನಲ್ಲ, ಅದು ಇದೇ. ಏಟು ತಿಂದವಳಿಗೆ ಇದರಿಂದ ಯಾವ ಸಮಾಧಾನವೂ ಇಲ್ಲ ಎನ್ನುವುದೂ ನಿಜ.

ಈಗ ಅದೆಲ್ಲ ಬದಲಾಗಿದೆ. ಜೊತೆಗೊಬ್ಬರು ಇರಬಹುದು, ಓಡಾಡಬಹುದು, ಬೇಕಾದ ಹಾಗೆ ಕೂತು, ಮಗ್ಗುಲಾಗಿ ಹೆರಬಹುದು. ಕೂಸನ್ನು ಒರೆಸಿ ನೇರವಾಗಿ ತಾಯಿಯ ಎದೆಯ ಮೇಲೆ ಹಾಕುತ್ತೀರಿ. ಒಂದು ಬದಲಾವಣೆ ಮಾತ್ರ ನನಗೆ ರೂಢಿಯಾಗಲು ಹೊತ್ತು ಹಿಡಿಯಿತು. ಮೊದಲು ಕೂಸಿನ ಎದೆಬಡಿತ ಕೇಳಲು ನಮಗೊಂದು ಕೊಳವೆ ಇರುತ್ತಿತ್ತು. ಅದರ ಒಂದು ತುದಿ ಬಸುರಿಯ ಹೊಟ್ಟೆಗೆ, ಇನ್ನೊಂದು ನನ್ನ ಕಿವಿಗೆ. ಆ ಸದ್ದು ನಿಧಾನವಾದರೆ ಅದು ನನಗೊಬ್ಬಳಿಗೇ ಗೊತ್ತು. ಹೆಂಗಸು ಮೇಲಿನಿಂದ ನನ್ನ ನೆತ್ತಿಯನ್ನು ನೋಡುತ್ತಿರುತ್ತಿದ್ದಳು. ತಲೆಯೆತ್ತುವ ಮುಂಚೆ ನಾನು ಮುಖ ಸರಿಮಾಡಿಕೊಳ್ಳಬೇಕು. ಮುಂದೆ ಯಂತ್ರ ಬಂತು, ಬಡಿತ ಕೋಣೆಗೆಲ್ಲ ಕೇಳತೊಡಗಿತು. ಅದು ನಿಧಾನವಾದಾಗ ತಾಯಿಯೂ ಕೇಳುತ್ತಾಳೆ. ಈಗ ಇಬ್ಬರೂ ಒಟ್ಟಿಗೆ ಹೆದರುತ್ತೇವೆ. ಅದೇ ಒಳ್ಳೆಯದೆಂದು ನನಗೆ ಈಗ ಅನ್ನಿಸುತ್ತದೆ.

ಇನ್ನು ಮಲ್ಲಮ್ಮನ ಸಂಗತಿ. ನನ್ನ ಸೇವೆಯ ಕೊನೆಯ ವರ್ಷಗಳು. ಹಡಪಸರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಹೊಣೆ ನನ್ನದಾಗಿತ್ತು. ಅಲ್ಲಿ ಆಪರೇಷನ್ ಆಗುತ್ತಿತ್ತು, ಆದರೆ ರಕ್ತ ಬೇಕೆಂದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕು. ನನ್ನ ಕೈಕೆಳಗೆ ಹೊಸದಾಗಿ ಬಂದ ನರ್ಸ್ ಒಬ್ಬಳಿದ್ದಳು. ಹೆಸರು ಸಾಯಲಿ ಮೋರೆ. ಸಾಯಲಿ ಎಂದರೆ ಮರಾಠಿಯಲ್ಲಿ ಮಲ್ಲಿಗೆಯ ಜಾತಿಯ ಒಂದು ಹೂವು. ಕನ್ನಡದಲ್ಲಿ ಏನೆಂದು ನಿಮಗೆ ಹೇಳಬೇಕಿಲ್ಲ. ನಮ್ಮಲ್ಲಿಗೆ ಯಾದಗಿರಿ, ರಾಯಚೂರು ಕಡೆಯ ಹೆಂಗಸರು ಬಹಳ ಬರುತ್ತಿದ್ದರು. ಆದ್ದರಿಂದ ನಾನು ಅವಳನ್ನು ಮೊದಲ ದಿನದಿಂದಲೇ ಮೋರೆ ಎಂದು ಕರೆಯತೊಡಗಿದೆ. ಕನ್ನಡದವರಿಗೆ ಆ ಹೆಸರೂ ನಗು ಬರಿಸುತ್ತದೆ, ಆದರೆ ಯಾರನ್ನೂ ಹೆದರಿಸುವುದಿಲ್ಲ.

ಮಲ್ಲಮ್ಮ ಯಾದಗಿರಿ ಕಡೆಯವಳು. ಗಂಡ ಹೆಂಡತಿ ಇಬ್ಬರೂ ವಿಮಾನ ನಗರದಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಕೆಲಸಕ್ಕಿದ್ದರು. ಜೊತೆಯಲ್ಲಿ ಅವಳ ಅತ್ತೆ ಭೀಮವ್ವ ಬಂದಿದ್ದಳು. ಬ್ಯಾನಿಯುದ್ದಕ್ಕೂ ಭೀಮವ್ವ ಸೊಸೆಯ ಸೊಂಟ ತಿಕ್ಕುತ್ತ ಒಳಗೇ ಇದ್ದಳು. ಮಧ್ಯಾಹ್ನ ಹೆರಿಗೆಯಾಯಿತು, ಹೆಣ್ಣು ಕೂಸು, ಚೆನ್ನಾಗಿ ಅತ್ತಿತು. ಮಾಸು ಪೂರ್ತಿ ಬಂತು. ಭೀಮವ್ವ ಮಗನಿಗೆ ಫೋನ್ ಮಾಡಿ ಬರುತ್ತೇನೆಂದು ಹೊರಗೆ ಹೋದಳು. ನಾನು ಮಲ್ಲಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟೆ. ಹೆರಿಗೆಯಾದ ಮೇಲೆ ಗರ್ಭಚೀಲ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಬೇಕು, ಆಗಲೇ ರಕ್ತ ನಿಲ್ಲುವುದು. ನನ್ನ ಕೈಗೆ ಏನೂ ಸಿಗಲಿಲ್ಲ. ನಾದಿದ ಹಿಟ್ಟಿನಲ್ಲಿ ಕೈಯಿಟ್ಟ ಹಾಗಿತ್ತು. ಕೆಳಗೆ ರಕ್ತ ನಲ್ಲಿ ಬಿಟ್ಟ ಹಾಗೆ ಬರುತ್ತಿತ್ತು.

"ರಕ್ತ ಜಾಸ್ತಿ!" ಎಂದು ಕೂಗಿದೆ. ಹೊಟ್ಟೆ ತಿಕ್ಕಿದೆ, ಇಂಜೆಕ್ಷನ್ ಕೊಟ್ಟೆವು, ಸಲೈನ್ ಹಚ್ಚಿದೆವು. ನಿಲ್ಲಲಿಲ್ಲ. ಅಲ್ಲಿಯ ಲೇಡಿ ಡಾಕ್ಟರು, ನಾವು ಡಾಕ್ಟರ್ ಬಾಯಿ ಎನ್ನುತ್ತಿದ್ದವರು, ಪಕ್ಕದ ಆಪರೇಷನ್ ಕೋಣೆಯಲ್ಲಿ ಇನ್ನೊಬ್ಬಳ ಹೊಟ್ಟೆ ತೆರೆದು ನಿಂತಿದ್ದರು, ಬಿಟ್ಟು ಬರುವಂತಿರಲಿಲ್ಲ. ಅಲ್ಲಿಂದಲೇ ಕೂಗಿ ಹೇಳಿದರು: ಕೈ ಒಳಗೆ ಹಾಕಿ ಮುಷ್ಟಿಯಿಂದ ಒತ್ತಿ ಹಿಡಿಯಿರಿ, ಆಂಬ್ಯುಲೆನ್ಸ್ ಕರೆಸುತ್ತೇನೆ. ನಾನು ಬಲಗೈ ಮುಷ್ಟಿಯನ್ನು ಒಳಗೆ ಹಾಕಿದೆ, ಎಡಗೈಯಿಂದ ಹೊಟ್ಟೆಯ ಮೇಲಿನಿಂದ ಒತ್ತಿದೆ, ಎರಡು ಕೈಗಳ ನಡುವೆ ಗರ್ಭಚೀಲವನ್ನು ಅದುಮಿ ಹಿಡಿದೆ. ರಕ್ತ ಕಡಿಮೆಯಾಯಿತು. ಆ ಹೊತ್ತಿಗೆ ಸಲೈನ್ ಬಾಟಲಿ ಮುಗಿಯುತ್ತ ಬಂದಿದ್ದು ಕಂಡಿತು. ಇನ್ನೊಂದು ಹಚ್ಚಲು ಹುಡುಗಿಯನ್ನು ಕರೆಯಬೇಕು, ಮೋರೆ ಎನ್ನುವ ಹೆಸರು ನನಗೆ ನೆನಪಾಗಲಿಲ್ಲ.

"ಸಾಯಲಿ!" ಎಂದು ಕಿರುಚಿದೆ. "ಸಾಯಲಿ! ಸಾಯಲಿ!"

ಮಲ್ಲಮ್ಮ ಕಣ್ಣು ತೆರೆದು ನನ್ನನ್ನು ನೋಡಿದಳು. ಆ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ. "ಅಕ್ಕಾ," ಎಂದಳು, "ನಾ ಸಾಯಲಿ ಅಂದ್ರೇನ್ರಿ?"

ನಾನು ಬಾಯಿ ತೆರೆಯುವ ಮುಂಚೆ ಬಾಗಿಲು ಬಡಿದುಕೊಂಡು ತೆರೆಯಿತು. ಭೀಮವ್ವ ಒಳಗೆ ನುಗ್ಗಿದಳು. "ಯಾಕ ಸಾಯಲಿ ಅಂತಿ? ನನ್ನ ಸೊಸಿ ನಿನಗೇನ್ ಮಾಡ್ಯಾಳ? ಕೂಸು ಹೊರಗ ಬಂತು, ತಾಯಿ ಸಾಯಲಿ ಅಂತೀ ಏನು?" ನೆಲದ ಮೇಲಿನ ರಕ್ತವನ್ನು ನೋಡಿದಳು, ನನ್ನ ಕೈ ಎಲ್ಲಿದೆಯೆಂದು ನೋಡಿದಳು. ನಾನು ಸೊಸೆಯನ್ನು ಕೊಲ್ಲುತ್ತಿದ್ದೇನೆಂದೇ ಅವಳಿಗೆ ಅನ್ನಿಸಿರಬೇಕು. "ತಗಿ ಕೈ! ತಗಿ! ಮಲ್ಲೀ, ಏಳು, ನಡಿ ಇಲ್ಲಿಂದ!" ಎಂದು ನನ್ನ ಬಲಗೈಯ ಮೊಣಕೈ ಹಿಡಿದು ಎಳೆಯತೊಡಗಿದಳು. ಇಟ್ಟಿಗೆ ಹೊತ್ತು ಗಟ್ಟಿಯಾದ ಕೈ ಅದು.

"ಯವ್ವಾ, ಬಿಡ್ರಿ! ನಾ ಕೈ ತಗದ್ರ ಈಕಿ ಉಳ್ಯೂದಿಲ್ಲ! ಅದು ಆ ಹುಡುಗಿ ಹೆಸರದರೀ! ಆಕಿ ಹೆಸರಽ ಸಾಯಲಿ!"

"ಯಾವ ಅವ್ವ ಇಡ್ತಾಳ ಅಂಥಾ ಹೆಸರ? ನನಗ ಹುಚ್ಚಿ ಮಾಡ್ತಿ?"

ನನ್ನ ಪಾದ ಜಾರುತ್ತಿತ್ತು, ಮುಷ್ಟಿ ಸಡಿಲುತ್ತಿತ್ತು, ಮತ್ತೆ ಬಿಸಿ ರಕ್ತ ಮಣಿಕಟ್ಟಿನ ಮೇಲೆ ಹರಿಯಿತು. ಬಾಟಲಿ ಹಿಡಿದು ನಿಂತಿದ್ದ ಹುಡುಗಿಗೆ ಮರಾಠಿಯಲ್ಲಿ, ನಿನ್ನ ಹೆಸರು ಹೇಳು, ಇವರಿಗೆ ನಿನ್ನ ಹೆಸರು ಹೇಳು ಎಂದು ಕೂಗಿದೆ. ಏಕೆಂದು ಪಾಪ ಅವಳಿಗೆ ಏನು ಗೊತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎದೆ ಮುಟ್ಟಿಕೊಂಡು "ಮಾಝಂ ನಾವ್ ಸಾಯಲೀ, ಆಜೀ. ಸಾಯಲೀ, ಮಾಝಂ ನಾವ್" ಎಂದಳು. ಭೀಮವ್ವ ಪುಣೆಗೆ ಬಂದು ವರ್ಷಗಳಾಗಿದ್ದವು. ನಾವ್ ಎಂದರೆ ಹೆಸರು ಎನ್ನುವಷ್ಟು ಮರಾಠಿ ಅವಳಿಗೆ ಬರುತ್ತಿತ್ತು. ಹುಡುಗಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮೊಣಕೈ ಬಿಟ್ಟಳು. ಅದೇ ಕೈಯಿಂದ ಸೊಸೆಯ ಹಣೆ ಹಿಡಿದಳು.

ಆಂಬ್ಯುಲೆನ್ಸ್ ಬಂತು. ಡಾಕ್ಟರ್ ಬಾಯಿ ಆಪರೇಷನ್ ಕೋಣೆಯ ಬಾಗಿಲ ಸಂದಿಯಿಂದ ಹೇಳಿದ್ದು ಒಂದೇ ಮಾತು, "ಹಾತ್ ಕಾಢೂ ನಕಾ." ಕೈ ತೆಗೆಯಬೇಡಿ. ನಾನು ಹಾಗೆಯೇ, ಸ್ಟ್ರೆಚರಿನ ಜೊತೆ ಬಾಗಿಕೊಂಡೇ ನಡೆದು ಗಾಡಿ ಹತ್ತಿದೆ. ಸಾಯಲಿ ಕೂಸನ್ನು ಎದೆಗೆ ಕಟ್ಟಿಕೊಂಡು ಕೂತಳು. ಭೀಮವ್ವ ಸೊಸೆಯ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

ಹಡಪಸರದ ರಸ್ತೆ ನಿಮಗೆ ಗೊತ್ತು. ಸೈರನ್ ಕೂಗುತ್ತಲೇ ಇತ್ತು, ಗಾಡಿ ನಿಂತೇ ಇತ್ತು. ಗಾಜಿನ ಹೊರಗೆ ಬೈಕಿನವರು ಒಳಗೆ ಇಣುಕಿ ನೋಡುತ್ತಿದ್ದರು. ನನ್ನ ತೋಳು ಮೊದಲು ಉರಿಯಿತು, ಆಮೇಲೆ ನಡುಗಿತು, ಆಮೇಲೆ ಅದು ನನ್ನದೇ ಅಲ್ಲವೆನಿಸಿತು. ಮುಷ್ಟಿ ಬಿಗಿಯಾಗಿದೆಯೋ ಸಡಿಲಾಗಿದೆಯೋ ಎಂದು ತಿಳಿಯಲು ರಕ್ತವನ್ನು ನೋಡಬೇಕಾಗಿತ್ತು. ಮಲ್ಲಮ್ಮನ ತುಟಿ ಬೆಳ್ಳಗಾಗಿತ್ತು.

"ಅತ್ತೀ, ಕಣ್ಣಿಗಿ ಕತ್ತಲಿ ಬರ್ಲಾಕತ್ತದ" ಎಂದಳು.

ಭೀಮವ್ವನಿಗೆ ದೇವರ ಹೆಸರು ನೆನಪಾಗಲಿಲ್ಲ. ಅವಳು ಸೊಸೆಯನ್ನು ಬೈಯತೊಡಗಿದಳು. "ಕಣ್ಣ ತಗಿ! ನಿದ್ದಿ ಮಾಡಿದಂದ್ರ ನೋಡು! ನಿನಗ ಮೊದಲಿಂದಽ ನಿದ್ದಿ ಜಾಸ್ತಿ. ನೀರ ತರಾಕ ಹೋದ್ರ ಅಲ್ಲೇ ಮಾತಾಡ್ಕೋತ ನಿಂದರ್ತಿ. ನನ್ನ ಹಸರ ಸೀರಿ ಹರದಿ. ಮುಂಜಾನಿ ರೊಟ್ಟಿ ಎಲ್ಲಾ ಸುಟ್ಟಿ. ಕಣ್ಣ ತಗೀ!" ಕಣ್ಣೀರು ಅವಳ ಗದ್ದದಿಂದ ಸೊಸೆಯ ಕೂದಲಿಗೆ ಬೀಳುತ್ತಿತ್ತು, ಬೈಗುಳ ನಿಲ್ಲಲಿಲ್ಲ. ಮಲ್ಲಮ್ಮನ ರೆಪ್ಪೆ ಮುಚ್ಚುತ್ತ ಮುಚ್ಚುತ್ತ ತೆರೆಯಿತು.

"ರೊಟ್ಟಿ... ನಾ ಸುಟ್ಟಿಲ್ಲ" ಎಂದಳು.

"ಮತ್ತ್ಯಾರ್ ಸುಟ್ಟರು? ಹೇಳು! ಯಾರ್ ಸುಟ್ಟರು?"

"ನೀವಽ... ಫೋನಿನ್ಯಾಗ ಮಾತಾಡ್ಕೋತ..."

"ಹಾಂ, ನಾನಽ ಸುಟ್ಟೀನಿ. ಇನ್ನೇನ್ ಸುಟ್ಟೀನಿ? ಹೇಳು, ಬೈ ನನಗ, ಬೈ!"

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರುಗಳು ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಕೈಯನ್ನು ಅವರೇ ತೆಗೆದರು, ನನಗೆ ತೆಗೆಯಲು ಬರಲಿಲ್ಲ. ಮಲ್ಲಮ್ಮನನ್ನು ಒಳಗೆ ಒಯ್ದರು. ಹೊರಗೆ ಮೆಟ್ಟಿಲ ಮೇಲೆ ನಾವು ಮೂವರು, ಒಂದು ಕೂಸು. ನನ್ನ ಬಲಗೈ ಬೆರಳುಗಳು ಮುಚ್ಚಿಕೊಂಡೇ ಇದ್ದವು. ಭೀಮವ್ವ ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳು ಬಿಡಿಸಿ ತಿಕ್ಕಿದಳು. ನೋವಿಗೆ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ನೀರು ನೋವಿನದಲ್ಲವೆಂದು ಮೂವರಿಗೂ ತಿಳಿಯಿತು.

ಮಲ್ಲಮ್ಮ ಉಳಿದಳು. ರಕ್ತ ಏರಿಸಿದರು, ಗರ್ಭಚೀಲದೊಳಗೆ ಬಲೂನಿನಂಥದ್ದನ್ನು ಇಟ್ಟು ನೀರು ತುಂಬಿ ರಕ್ತ ನಿಲ್ಲಿಸಿದರು. ನಾನು ನೋಡಲು ಹೋದಾಗ ಭೀಮವ್ವ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. "ಆ ಹುಡುಗಿ ಭಾಳ ಚಲೋದಾಳ್ರಿ" ಎಂದಳು. "ಆದ್ರ ಆ ಹೆಸರ ಮಾತ್ರ... ಆಕೀ ಅವ್ವಗ ಯಾರರೆ ಹೇಳಬಾರದೇನ್ರಿ?" ಕೆಲವು ದಿನ ಕಳೆದ ಮೇಲೆ ಸಾಯಲಿ ತಾನೇ ನನ್ನನ್ನು ಕೇಳಿದಳು, ಅಂದು ಆಜಿ ಅಷ್ಟೇಕೆ ಕೂಗಾಡಿದರು ಎಂದು. ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಅಂದಿನಿಂದ ಕನ್ನಡದ ಹೆಂಗಸರು ಬಂದರೆ ನಾನು ಹೇಳುವ ಮುಂಚೆಯೇ "ನಾ ಮೋರೆ ಸಿಸ್ಟರ್" ಎಂದು ಪರಿಚಯ ಮಾಡಿಕೊಳ್ಳುತ್ತಿದ್ದಳು.

ನನ್ನ ಹೆದರಿಕೆ ಅಂದು ಮುಗಿಯಲಿಲ್ಲ. ಅದು ಆಮೇಲೆ, ಕ್ಯಾಂಪಿನ ಮಾರುಕಟ್ಟೆಯಲ್ಲಿ ಬಂತು. ಪಪ್ಪಾಯಿ ಆರಿಸಲು ಕೈಯಲ್ಲಿ ಹಿಡಿದೆ, ಅದು ಮೆತ್ತಗಿತ್ತು. ಕೈ ತಾನಾಗಿ ಅದನ್ನು ಒತ್ತತೊಡಗಿತು. ಹಣ್ಣು ಒಡೆದು ರಸ ಮಣಿಕಟ್ಟಿಗೆ ಇಳಿಯಿತು. ಅಂಗಡಿಯವನು "ತಾಯೀ, ಕಾಯ್ ಝಾಲಂ?" ಎಂದು ಕೇಳುತ್ತಿದ್ದ, ಏನಾಯಿತಕ್ಕ ಎಂದು. ನಾನು ಅಲ್ಲೇ ಗೋಣಿಯ ಮೇಲೆ ಕೂತೆ. ನಿಮಗೂ ಹೀಗಾಗುತ್ತದೆ. ಕೆಲಸದ ಹೊತ್ತಿನಲ್ಲಿ ಬಾರದೆ ಆಮೇಲೆ ಎಲ್ಲೋ ಸಂತೆಯಲ್ಲಿ ಬರುತ್ತದೆ. ಬಂದರೆ ಕೂತುಕೊಳ್ಳಿ. ಯಾರಿಗಾದರೂ ಹೇಳಿ.

ನಿವೃತ್ತಳಾದ ಮೇಲೆ ನನ್ನ ಮಗಳು ವೀಣಾಳ ಹೆರಿಗೆ ಬಂತು. ವಿಮಾನ ನಗರದ ಹೊಸ ಆಸ್ಪತ್ರೆ, ಗಾಜಿನ ಬಾಗಿಲು, ಮೆತ್ತನೆಯ ಸೋಫಾ. ಒಳಗೆ ಜೊತೆಗೆ ಒಬ್ಬರು ಇರಬಹುದು ಎಂದರು. ವೀಣಾ ಗಂಡನನ್ನು ಕರೆದುಕೊಂಡಳು. ನಾನು ಜೀವನದಲ್ಲಿ ಮೊದಲ ಸಲ ಹೆರಿಗೆ ಕೋಣೆಯ ಹೊರಗೆ ಕೂತೆ. ಪಕ್ಕದಲ್ಲಿ ಬೆಳಗಾವಿಯಿಂದ ಬಂದ ಬೀಗತಿ. "ನೀವಽ ಇದ್ದೀರಲ್ರೀ ಬೀಗತ್ಯಾರಽ, ಇನ್ನ ನಮಗ್ಯಾಕ ಚಿಂತಿ" ಎಂದು ಅವರು ಜಪಮಾಲೆ ತೆಗೆದರು, ಸ್ವಲ್ಪ ಹೊತ್ತಿಗೆ ತೂಕಡಿಸಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು. ಒಳಗೆ ಸದ್ದಾದರೆ ಒಂದು ಕಾರಣಕ್ಕೆ ಹೆದರಿದೆ, ಸದ್ದು ನಿಂತರೆ ಇನ್ನೊಂದು ಕಾರಣಕ್ಕೆ. ಒಮ್ಮೆ ಡಾಕ್ಟರು ಬೇಗಬೇಗ ನಡೆದು ಒಳಗೆ ಹೋದರು. ಓಡಲಿಲ್ಲ, ಬೇಗಬೇಗ ನಡೆದರು. ಆ ನಡಿಗೆಯ ಅರ್ಥ ನನಗೆ ಗೊತ್ತು: ಒಳಗೆ ಏನೋ ತೊಂದರೆ, ಹೊರಗೆ ಕೂತವರಿಗೆ ತಿಳಿಯಬಾರದು. ಹೆರಿಗೆ ಕೋಣೆಗಳಲ್ಲಿ ನಾನು ಕಂಡ ಹೆಂಗಸರೆಲ್ಲ, ಬದುಕಿದವರೂ ಬದುಕದವರೂ, ಒಬ್ಬೊಬ್ಬರಾಗಿ ವೀಣಾಳ ಮುಖ ಹಚ್ಚಿಕೊಂಡು ಕಣ್ಣ ಮುಂದೆ ಬಂದರು. ಎದ್ದು ಬಾಗಿಲ ತನಕ ಹೋದೆ. ಬಾಗಿಲು ಒಳಗಿನಿಂದ ಮಾತ್ರ ತೆರೆಯುವಂಥದ್ದು. ಗಾಜಿಗೆ ಅಂಗೈ ಹಚ್ಚಿಕೊಂಡು ನಿಂತೆ.

ಬಾಗಿಲು ತೆರೆದಾಗ ಒಬ್ಬ ನರ್ಸ್ ಬಂದಳು, ಚಿಕ್ಕವಳು, ಕೈಯಲ್ಲಿ ಬಟ್ಟೆಯ ಗಂಟು. ಗಂಟು ಅತ್ತಿತು. "ತಾಯಿ ಹೇಗಿದ್ದಾಳೆ?" ಎಂದೆ. ಚೆನ್ನಾಗಿದ್ದಾಳೆ, ಗರ್ಭಚೀಲ ಗಟ್ಟಿಯಾಗಿದೆ, ರಕ್ತ ಇಲ್ಲ ಎಂದಳು. ನಾನು ಯಾರೆಂದು ಅವಳಿಗೆ ವೀಣಾ ಹೇಳಿರಬೇಕು. ಕೂಸನ್ನು ನನ್ನ ಕಡೆ ಚಾಚಿದಳು. ನಾನು ಗೋಡೆ ಹಿಡಿದು ನಿಂತಿದ್ದೆ, ಬಿಟ್ಟು ಕೈ ಚಾಚಲಾಗಲಿಲ್ಲ. ಅವಳು ಕೂಸನ್ನು ಹಿಂದಕ್ಕೆ ಎಳೆದುಕೊಂಡು, ಮೊದಲು ಕೂತುಕೊಳ್ಳಿ ಚಿಕ್ಕಮ್ಮ ಎಂದಳು. ಕೂತೆ. ಬಗ್ಗಿ ಮಡಿಲಲ್ಲಿ ಇಟ್ಟಳು. ಅವಳ ಮುಖ ಹತ್ತಿರ ಬಂದಾಗ ನೋಡಿದೆ. ಏಸಿಯ ತಂಪಿನಿಂದ ಹೊರಬಂದ ಹುಡುಗಿ, ಆದರೂ ಮೇಲ್ತುಟಿಯ ಮೇಲೆ ಸಾಲಾಗಿ ಬೆವರಿನ ಹನಿ. ಮಗಳು ಒಳ್ಳೆಯವರ ಕೈಯಲ್ಲಿದ್ದಳು ಎಂದು ನನಗೆ ಆಗ ಗೊತ್ತಾಯಿತು.